ತೋಳರ್ ಬಂದಿದ್ದಾರೆ

ನವೆಂಬರ್ 6, 2024

ಬಾಯಿ ಬಿಟ್ಟರೆ ಜಗಳವಾಗುತ್ತದೆ, ಅದಕ್ಕೇ ಬರೆಯಲು ಕೂತಿದ್ದೇನೆ. ಇನ್ಶೂರೆನ್ಸ್‌ನವನು ಎರಡು ವರ್ಷದ ಹಿಂದೆ ಕೊಟ್ಟ ಡೈರಿ, ಒಂದು ಗೆರೆಯೂ ಬೀಳದೆ ಬೀರುವಿನಲ್ಲಿ ಬಿದ್ದಿತ್ತು. ತಾರೀಖು ಹೊಂದುವುದಿಲ್ಲ; ಹೊಡೆದುಹಾಕಿ ಮೇಲೆ ಬರೆದುಕೊಂಡರಾಯಿತು. ಯಾರೂ ಓದುವುದಕ್ಕಲ್ಲ ಇದು.

ಆದಿನಾರಾಯಣ ಬಂದಿದ್ದಾನೆ. ಬಂದಿದ್ದಾನೆ ಅಂದರೆ ನಾನೇ ಹೋಗಿ ಕರೆದುಕೊಂಡು ಬಂದೆ. ಕೆಜಿಎಫ್ ಗಣಿ ಕೂಲಿಯವರಿದ್ದ ಚಾಂಪಿಯನ್ ರೀಫ್ಸ್‌ನ ಲೈನ್ ಮನೆಯ ಪಕ್ಕದವರು ಫೋನ್ ಮಾಡಿ, "ನಿಮ್ಮಪ್ಪ ಎರಡು ದಿನದಿಂದ ಬಾಗಿಲು ತೆಗೆದಿಲ್ಲಮ್ಮ," ಎಂದರು. ಇರುವವಳು ಒಬ್ಬಳೇ ಮಗಳು, ಇನ್ಯಾರಿಗೆ ಮಾಡುತ್ತಾರೆ. ಡ್ಯೂಟಿ ಬೇರೆಯವರಿಗೆ ಒಪ್ಪಿಸಿ ಹೋದೆ. ಬಾಗಿಲು ಒಡೆಸಿ ನೋಡಿದರೆ ಮನುಷ್ಯ ಗೋಡೆಗೆ ಒರಗಿ ಕೂತು ಉಸಿರು ಎಳೆಯುತ್ತಿದ್ದಾನೆ. ನನ್ನ ಖಾಕಿ ನೋಡಿ ಪೊಲೀಸಿನವಳೆಂದು ತಿಳಿದು ಬೇಡಿಗೆ ಎರಡೂ ಕೈ ಮುಂದೆ ಚಾಚಿದ. ನಾನು ಕಂಡಕ್ಟರು, ನಿನ್ನ ಮಗಳು, ಅಂದೆ. ಆಗ ಕೈ ಕೆಳಗಿಳಿಸಿದ.

ಕೋಲಾರದ ಆಸ್ಪತ್ರೆಯಲ್ಲಿ ತೋರಿಸಿಕೊಂಡು ಸಾಯಂಕಾಲಕ್ಕೆ ಬಂಗಾರಪೇಟೆ ಸೇರಿದೆವು. ಮೂವತ್ತು ವರ್ಷ ಗಣಿಯ ಕಲ್ಲುಧೂಳು ಕುಡಿದ ಶ್ವಾಸಕೋಶ ಗಟ್ಟಿಯಾಗಿಬಿಟ್ಟಿದೆ, ಈಗ ನೀರು ಬೇರೆ ತುಂಬುತ್ತಿದೆ ಎಂದರು ಡಾಕ್ಟರು. ತೆಗೆದರೂ ಮತ್ತೆ ತುಂಬುತ್ತದಂತೆ. ಯುಗಾದಿ ನೋಡುವುದು ಕಷ್ಟವಂತೆ. ಸಾಮಾನು ಅಂತ ಇದ್ದದ್ದು ಎರಡು ಲುಂಗಿ, ಒಂದು ಕಂಬಳಿ, ಕಾಗದ ತುಂಬಿದ ಒಂದು ಟ್ರಂಕು. ಜೀವಮಾನವೆಲ್ಲ ಲೋಕ ಬದಲಾಯಿಸಲು ಹೊರಟವನ ಸಂಪಾದನೆ ಇಷ್ಟು.

ನನ್ನ ಗಂಡ ಮಲಗುತ್ತಿದ್ದ ಮಂಚವನ್ನೇ ಕೊಟ್ಟಿದ್ದೇನೆ. ಅವರು ಹೋಗಿ ಆರು ವರ್ಷ, ಮಂಚ ಖಾಲಿಯೇ ಇತ್ತು. ದೀಪ ಹಚ್ಚಿದ ಮೇಲೆ ಆದಿನಾರಾಯಣ ಕಣ್ಣು ಮುಚ್ಚಿಕೊಂಡೇ ಕೇಳಿದ, "ಎಷ್ಟನೇ ಲೆವೆಲ್ಲು?"

"ಲೆವೆಲ್ಲೂ ಇಲ್ಲ, ಗಿವೆಲ್ಲೂ ಇಲ್ಲ. ಇದು ಗಣಿಯಲ್ಲ, ಬಂಗಾರಪೇಟೆ, ನೆಲದ ಮೇಲಿದೀಯ. ಸುಮ್ಮನೆ ಮಲಗು," ಎಂದೆ.

ನವೆಂಬರ್ 9

ನಾನು ಡ್ಯೂಟಿಗೆ ಹೋದಾಗ ಎದುರುಮನೆ ಇಂದ್ರಾಣಿ ಬಂದು ಕೂರುತ್ತಾಳೆ. ಅಂಗನವಾಡಿಯಲ್ಲಿ ಆಯಾ ಆಗಿದ್ದವಳು, ಈಗ ಮನೆಯಲ್ಲೇ ಇದ್ದಾಳೆ. "ಮಕ್ಳನ್ನ ನೋಡ್ಕಂಡಿಲ್ವಾ, ಇದೂ ಅಂಗೇ ಬಿಡು," ಅಂತಾಳೆ. ಅವಳಿಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತೋ.

ಇವತ್ತು ಬೇತಮಂಗಲದಲ್ಲಿ ಬಸ್ಸು ತಿರುಗಿಸುವಾಗ ಡ್ರೈವರ್ ಮುನಿನಾರಾಯಣಪ್ಪನಿಗೆ ವಿಷಯ ಹೇಳಿದೆ. ಏಳು ವರ್ಷದಿಂದ ಒಂದೇ ಬಸ್ಸು ನಮ್ಮದು. ಅವನು ಸ್ಟೇರಿಂಗ್ ಬಿಟ್ಟು ನನ್ನ ಮುಖ ನೋಡಿದ. "ತೋಳರ್ ನಿಮ್ಮಪ್ಪನಾ? ಇಷ್ಟು ವರ್ಷ ಏಳಲೇ ಇಲ್ವಲ್ಲಮ್ಮ. ಅವ್ರ ಭಾಷಣ ಕೇಳಾಕೆ ನಾವು ಊರಿಂದ ನಡ್ಕಂಡು ಓಯ್ತಿದ್ವಿ."

ಊರೆಲ್ಲ ಕೇಳಿದೆ ಆ ಭಾಷಣ, ನಾನೊಬ್ಬಳೇ ಕೇಳಿಲ್ಲ.

ತೋಳರ್. ಆ ಪದ ಕೇಳಿದರೇ ನನಗೆ ಮೈ ಉರಿಯುತ್ತದೆ. ತಮಿಳಿನಲ್ಲಿ ಸಂಗಾತಿ ಅಂತ ಅರ್ಥವಂತೆ; ಗಣಿಯ ಕೆಂಬಾವುಟದವರು ಒಬ್ಬರನ್ನೊಬ್ಬರು ಕೂಗುವುದು ಹಾಗೆ. ಇದು ನನಗೆ ತಿಳಿದದ್ದು ಹೈಸ್ಕೂಲಿಗೆ ಬಂದ ಮೇಲೆ. ಅಮ್ಮ ಲೈನ್ ಮನೆಯಲ್ಲಿ ಒಂದು ವರ್ಷವೂ ನಿಲ್ಲಲಿಲ್ಲ, ನನ್ನನ್ನು ಬಗಲಲ್ಲಿ ಹೊತ್ತುಕೊಂಡು ಕ್ಯಾಸಂಬಳ್ಳಿ ಹತ್ತಿರದ ತವರಿಗೆ ಬಂದುಬಿಟ್ಟಳು. ಅಲ್ಲಿ ನಮ್ಮಜ್ಜಿ ಕುರಿ ಮೇಯಿಸುತ್ತಿದ್ದಳು. ಕುರಿಯವರ ಮನೆಯಲ್ಲಿ ತೋಳ ಅಂದರೆ ಅರ್ಥ ಒಂದೇ.

ನನಗೆ ಆರು ವರ್ಷವಿದ್ದಾಗ ತಿಂಗಳಿಗೊಮ್ಮೆ ಸೈಕಲ್ಲಿನಲ್ಲಿ ಮೂರು ನಾಲ್ಕು ಜನ ಬರುತ್ತಿದ್ದರು, ಅವರಲ್ಲಿ ಇವನೂ ಒಬ್ಬ. "ತೋಳರು ಬಂದ್ರು," ಎನ್ನುತ್ತಿದ್ದಳು ಅಜ್ಜಿ. ನಾನು ರಾಗಿ ಕಣಜದ ಹಿಂದೆ ನುಗ್ಗಿ ಕಿರುಚಿಕೊಳ್ಳುತ್ತಿದ್ದೆ. ಆಮೇಲೆ ಬರುವುದನ್ನೇ ನಿಲ್ಲಿಸಿದ. ಲೋಕದ ಕೂಲಿಯವರ ಮಕ್ಕಳಿಗೆಲ್ಲ ಇವನಲ್ಲಿ ಪುರಸೊತ್ತಿತ್ತು, ತನ್ನ ಮಗುವಿಗೆ ಇರಲಿಲ್ಲ.

ಒಂದು ಸಲ ನನ್ನ ಬಸ್ಸಿಗೇ ಹತ್ತಿದ್ದ. ಗಣಿ ಮುಚ್ಚಿ ಹತ್ತು ವರ್ಷವಾಗಿತ್ತು, ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಯಾವುದೋ ಎಟಿಎಂ ಬಾಗಿಲು ಕಾಯುತ್ತಿದ್ದ. ನೀಲಿ ಷರಟು, ತಲೆಗೆ ದೊಡ್ಡದಾದ ಟೋಪಿ. ಎಲ್ಲಿಗೆ ಎಂದೆ. ಚಾಂಪಿಯನ್ ಎಂದ. ಟಿಕೆಟ್ ಹರಿದು ಕೊಟ್ಟೆ. ಅಷ್ಟೇ ಮಾತು.

ನವೆಂಬರ್ 14

ಇಂದು ಮಕ್ಕಳ ದಿನಾಚರಣೆ. ಬಸ್ಸಿನ ತುಂಬ ವೇಷ ಹಾಕಿದ ಹುಡುಗರು. ತಲೆ ಸಿಡಿಯುತ್ತಿದೆ.

ಮನೆಗೆ ಬಂದರೆ ಇವನದೊಂದು ಕೋರಿಕೆ. "ಪಾಪಾ, ಪಾರ್ಟಿ ಆಫೀಸಿಗೆ ಒಂದ್ಸಲ ಓಗಿ ಬತ್ತೀಯಾ?" ನಲವತ್ತೆಂಟು ವರ್ಷದವಳು ನಾನು, ಈಗಲೂ ಪಾಪ. ಯಾಕೆ ಅಂದೆ. ಉಸಿರು ಸಿಗಲು ಹೊತ್ತು ಹಿಡಿಯಿತು. ಪಾರ್ಟಿಯವರು ಸತ್ತರೆ ಹೆಣದ ಮೇಲೆ ಬಾವುಟ ಹೊದಿಸುತ್ತಾರಂತೆ. ಇವನನ್ನು ಹೊರಗೆ ಹಾಕಿ ಇಪ್ಪತ್ನಾಲ್ಕು ವರ್ಷವಾಯಿತು. ಒಳಗೆ ಸೇರಿಸಿಕೊಳ್ಳುತ್ತಾರಾ ಕೇಳು ಅಂದ. ಬೇರೇನೂ ಬೇಡವಂತೆ.

ನನಗೆ ನಗು ಬಂತು. "ಬಟ್ಟೆ ತಾನೇ? ಬಜಾರಿನಲ್ಲಿ ಮೂರು ಮೀಟರ್ ತರ್ತೀನಿ ಬಿಡು."

"ಅಂಗಡಿ ಬಟ್ಟೆ ಅಲ್ಲ. ಅವ್ರು ತಂದು ಒದಿಸ್ಬೇಕು."

"ನಮ್ಮಮ್ಮ ಸತ್ತಾಗ ನೀನು ಬರಲೇ ಇಲ್ಲ. ಅವಳ ಮೇಲೆ ಏನು ಹೊದಿಸಿದ್ವಿ ಗೊತ್ತಾ ನಿನಗೆ?"

ಗೋಡೆ ಕಡೆ ತಿರುಗಿಕೊಂಡ. ಹೇಳಬಾರದಿತ್ತೇನೋ. ಹೇಳಿದ್ದು ಸುಳ್ಳಂತೂ ಅಲ್ಲ.

ನವೆಂಬರ್ 22

ಬೆಳಗಿನ ಟ್ರಿಪ್ಪಿನಲ್ಲಿ ಮಂಜೋ ಮಂಜು. ಚಿನ್ನ ತೆಗೆದ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬ ಕಾಣಲೇ ಇಲ್ಲ. ಅದು ಇದೆಯೆಂದು ನಂಬಿಕೊಂಡು ಪಕ್ಕದಲ್ಲಿ ಹೋದೆವು. ಚಾಂಪಿಯನ್ ಸ್ಟಾಪಿನಲ್ಲಿ ಗಣಿಗೆ ಇಳಿಯುವ ಶಾಫ್ಟಿನ ಮೇಲಿನ ಕಬ್ಬಿಣದ ಗೋಪುರದ ತುದಿ ಮಾತ್ರ ಮಂಜಿನ ಮೇಲೆ ತೇಲುತ್ತಿತ್ತು. ಇಳಿಯುವವರು ಮೆಟ್ಟಿಲು ಇಳಿದು ಎರಡು ಹೆಜ್ಜೆ ಇಟ್ಟರೆ ಮಾಯ. ಹತ್ತೊಂಬತ್ತು ಜನ ಇಳಿದರು, ಎಲ್ಲರೂ ಮಾಯ. ವಿಶಲ್ ಊದಲು ನನಗೆ ಮನಸ್ಸು ಬರಲಿಲ್ಲ.

ಮಧ್ಯಾಹ್ನ ಮನೆಗೆ ಬಂದು ಮಂಚದಲ್ಲಿದ್ದ ಅವರಿಗೆ ಗಂಜಿ ಕುಡಿಸುವಾಗ ಇದನ್ನು ಹೇಳಿದೆ. ಹೇಳುವವಳೇ ಅಲ್ಲ, ಹೇಳಿಬಿಟ್ಟೆ. ಅವರ ಕಣ್ಣು ಅರಳಿತು. ಹದಿನೆಂಟನೇ ವಯಸ್ಸಿನಲ್ಲಿ ಮೊದಲ ಸಲ ಕೆಳಗಿಳಿದದ್ದು ಅಂಥ ದಿನವೇ ಅಂತೆ. ಮೇಲೆ ನಡುಗುವ ಚಳಿ, ಜನರನ್ನು ಹೊತ್ತ ಕೇಜು ಇಳಿಯುತ್ತ ಇಳಿಯುತ್ತ ಸೆಕೆ. "ಅಷ್ಟು ಕೆಳೀಕೆ ಓದ್ರೆ ಬೂಮಿ ಮೈ ಬಿಸಿಯಿರ್ತದೆ ಕಣಮ್ಮ, ಜ್ವರ ಬಂದ ಮಗು ಇದ್ದಂಗೆ." ಷರಟು ಬಿಚ್ಚಿ ಹಿಂಡಿದರೆ ಬೆವರು ಸುರಿಯುತ್ತಿತ್ತಂತೆ. ಕೇಜಿಗೆ ಬೆಲ್ ಹೊಡೆಯುವ ಕೆಲಸ ಆಮೇಲೆ ಸಿಕ್ಕಿತು. ಕಲ್ಲು ಬಂದರೆ ಒಂದು ಲೆಕ್ಕ, ಜನ ಇದ್ದರೆ ಮೂರು ಬೆಲ್. ಮೂರು ಬಿತ್ತೆಂದರೆ ಮೇಲಿನವನು ಮೆಲ್ಲಗೆ ಎಳೆಯಬೇಕು.

ಪಕ್ಕದಲ್ಲಿ ಇಳಿಯುತ್ತಿದ್ದ ತಮಿಳಿನವನೊಬ್ಬ ಪುಸ್ತಕ ಕೊಟ್ಟನಂತೆ, ಓದಲು ಬರದಿದ್ದಕ್ಕೆ ಅಕ್ಷರವನ್ನೂ ಅವನೇ ಕಲಿಸಿದನಂತೆ. ಅಲ್ಲಿಂದ ಶುರು. ಏಳು ತಿಂಗಳು ಜೈಲು. ನಲವತ್ತು ದಿನದ ಒಂದು ಮುಷ್ಕರ. ಆ ಮುಷ್ಕರದ ಮೂವತ್ತನೇ ದಿನ ನಾನು ಹುಟ್ಟಿದೆ. "ಅರುಣ ಅಂದ್ರೆ ಕೆಂಪು ಅಂತ ಯಾರೋ ಮೇಷ್ಟ್ರು ಏಳಿದ್ರು. ಅದೇ ಇಟ್ವಿ," ಅಂದರು. ನಾನು ನನ್ನ ಹೆಸರು ಯಾವುದೋ ಸಿನಿಮಾದ್ದು ಅಂದುಕೊಂಡಿದ್ದೆ.

ಒಲೆ ಮೇಲೆ ಅನ್ನ ತಳ ಹಿಡಿದಿದ್ದು ವಾಸನೆ ಬಂದಾಗಲೇ ಗೊತ್ತಾಯಿತು.

ಡಿಸೆಂಬರ್ 2

ಇಂದ್ರಾಣಿಯ ಬೈಗುಳ ತಡೆಯಲಾರದೆ ಹೋದೆ. "ಬಾವುಟ ಕೇಳ್ತಾ ಅವ್ರೆ, ಬಂಗ್ಲೆ ಕೇಳ್ತಾ ಇಲ್ಲ. ಓಗಿ ಕೇಳಿದ್ರೆ ನಿನ್ನ ಗಂಟು ಏನು ಓಯ್ತದೆ?" ಅಂತ ದಿನಾ ಶುರುಮಾಡಿದ್ದಳು.

ರಾಬರ್ಟ್‌ಸನ್‌ಪೇಟೆಯ ಹಿಂದಿನ ಬೀದಿ, ಮಹಡಿ ಮೇಲೆ ಒಂದು ಕೋಣೆ. ಸೆಲ್ವರಾಜ್ ಅನ್ನುವವರು ಈಗ ಕಾರ್ಯದರ್ಶಿ. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಒಬ್ಬರೇ ಕೂತು ಹಳೇ ಪೇಪರ್ ಮಡಿಸುತ್ತಿದ್ದರು. ಹೆಸರು ಹೇಳಿದ ಕೂಡಲೇ ಎದ್ದು ನಿಂತರು. ಟೀ ತರಿಸಿದರು. ಅಪ್ಪನ ಉಸಿರು, ಊಟ, ನಿದ್ದೆ ಎಲ್ಲ ಕೇಳಿದರು. ನಾನು ಬಾವುಟದ ಮಾತೆತ್ತಿದೆ, ಅವರು ಟೀ ಲೋಟ ಕೆಳಗಿಟ್ಟರು.

"ಅಕ್ಕಾ, ಅದು ನನ್ನ ಕೈಯಲ್ಲಿ ಇಲ್ಲ. ಅವರು ಆತ್ಮವಿಮರ್ಶೆ ಬರೆದು ಕೊಡ್ಬೇಕು. ಮಾಡಿದ್ದು ತಪ್ಪು ಅಂತ. ಕಮಿಟಿ ಮುಂದೆ ಇಡ್ತೀನಿ."

"ಏನು ತಪ್ಪು ಮಾಡಿದ್ರು?"

"ನಿಮಗೆ ಹೇಳಿಲ್ವಾ?" ಅಂದರು. ಆಮೇಲೆ, "ಅವರನ್ನೇ ಕೇಳಿ ಅಕ್ಕಾ. ನಾನು ಹೇಳಿದ್ರೆ ನನ್ನ ಕಡೆಯ ಮಾತಾಗ್ತದೆ."

ಅಕ್ಕ ಅಂತೆ. ಆದರೂ ಮನುಷ್ಯ ಮರ್ಯಾದಸ್ಥ. ಇಳಿಯುವಾಗ ಮೆಟ್ಟಿಲ ತನಕ ಬಂದು, "ತೋಳರ್‌ಗೆ ಬಿಸಿನೀರು ಕೊಡ್ತಾ ಇರಿ," ಅಂದರು.

ಡಿಸೆಂಬರ್ 3

ಕಾಗದ ಪೆನ್ನು ಹಿಡಿದು ಕೂತೆ. ಹೇಳಿ, ಬರೆದುಕೊಳ್ಳುತ್ತೇನೆ ಅಂದೆ. ಇವತ್ತು ಬೇಡ ಅಂದರು.

ಡಿಸೆಂಬರ್ 5

ಇವತ್ತೂ ಬೇಡ.

ಡಿಸೆಂಬರ್ 11

ಅವರಿಗೆ ಮೂರು ದಿನ ಜ್ವರ. ರಜೆ ಹಾಕಿದ್ದೆ. ಹಗಲೆಲ್ಲ ಅವರು ಕೆಳಗೆ ಗಣಿಯಲ್ಲೆಲ್ಲೋ ಇರುತ್ತಾರೆ, ಮಾತು ಅಲ್ಲಿಂದ ಬರುತ್ತದೆ. ಕೇಜು ನಿಂತಿದೆ, ಗಾಳಿ ಸಾಲದು, ಆ ತಿರುವಿನಲ್ಲಿ ತಲೆ ಬಗ್ಗಿಸು ಅನ್ನುತ್ತಾರೆ. ಒಗೆದ ಬಟ್ಟೆ ತರುವಾಗ ನಾನೂ ಬಾಗಿಲಲ್ಲಿ ತಲೆ ಬಗ್ಗಿಸಿದೆ.

ಕೂತಲ್ಲೇ ತೂಕಡಿಕೆ ಬಂತು. ಕನಸಿನಲ್ಲಿ ನಮ್ಮ ಬಸ್ಸು ಶಾಫ್ಟಿನೊಳಗೆ ಇಳಿಯುತ್ತಿತ್ತು. ತುಂಬ ಹೆಂಗಸರು, ಎಲ್ಲರ ಕೈಯಲ್ಲೂ ಉಚಿತ ಪ್ರಯಾಣದ ಸೊನ್ನೆಯ ಟಿಕೆಟ್ಟು. ಒಂದೊಂದು ಲೆವೆಲ್ಲಿಗೂ ನಾನು ಸ್ಟಾಪ್ ಕೂಗುತ್ತಿದ್ದೆ, ಯಾರೋ ಇಳಿಯುತ್ತಿದ್ದರು, ಬಾಗಿಲ ಹೊರಗೆ ರಾಗಿ ಹೊಲ, ಮತ್ತೆ ಕತ್ತಲೆ, ಮತ್ತೆ ಹೊಲ. ತಳಕ್ಕೆ ಮುಟ್ಟಿದರೆ ಬೇತಮಂಗಲದ ಕೆರೆ. ನೀರಿನ ಮೇಲೆ ಬಿಸಿಲು. ಅಮ್ಮ ದಡದಲ್ಲಿ ಕಂಬಳಿ ಒಗೆಯುತ್ತಿದ್ದಳು. ನನ್ನನ್ನು ನೋಡಿ, ಇಷ್ಟು ತಡವಾ ಅಂದಳು.

ಎಚ್ಚರವಾದಾಗ ಅವರು ಕೇಳುತ್ತಿದ್ದರು, "ಎಷ್ಟನೇ ಲೆವೆಲ್ಲು?"

"ಮೂವತ್ತು," ಅಂದೆ. "ಮೇಲಕ್ಕೆ ಇನ್ನು ನಾಲ್ಕು ನಿಮಿಷ."

ಹಾಗಾದರೆ ಸರಿ ಅಂತ ಮಲಗಿದರು.

ಡಿಸೆಂಬರ್ 13

ಜ್ವರ ಇಳಿದಿದೆ. ಬಿಸಿಲಿಗೆ ಕುರ್ಚಿ ಹಾಕಿ ಕೂರಿಸಿದೆ. ಇಂದ್ರಾಣಿ ಕಡಲೆಕಾಯಿ ಬೇಯಿಸಿ ತಂದಿದ್ದಳು, ನಾವಿಬ್ಬರೂ ತಿಂದೆವು, ಅವರು ವಾಸನೆ ನೋಡಿದರು. ಆ ಮಾತು ಈ ಮಾತು ಬಂದು, ನಗಿಸೋಣವೆಂದು ಕಣಜದ ಕಥೆ ಹೇಳಿದೆ. ಅಜ್ಜಿ ತೋಳರು ಬಂದ್ರು ಅಂದದ್ದು, ಹಿಂದಿನ ತಿಂಗಳಷ್ಟೇ ತೋಳ ಒಂದು ಮರಿ ಎತ್ತಿಕೊಂಡು ಹೋಗಿದ್ದು, ಇವರೇ ಆ ತೋಳ, ಮನುಷ್ಯರ ವೇಷ ಹಾಕಿ ಬಂದಿದ್ದಾರೆ ಅಂತ ನಾನು ಕಿರುಚಿಕೊಂಡದ್ದು.

ಇಂದ್ರಾಣಿ ಬಿದ್ದು ಬಿದ್ದು ನಕ್ಕಳು. ಅವರು ನಗಲಿಲ್ಲ.

"ಅದುಕ್ಕಾ ಕಿರುಚ್ಕೊಂಡಿದ್ದು?"

"ಇನ್ನೇನಕ್ಕೆ ಅಂದುಕೊಂಡಿದ್ರಿ?"

"ನಿಮ್ಮಮ್ಮ ಏಳ್ಕೊಟ್ಟವಳೆ ಅಂದ್ಕಂಡಿದ್ದೆ. ಅಪ್ಪ ಬಂದ್ರೆ ಕಿರುಚು ಅಂತ." ಕೈಯಲ್ಲಿದ್ದ ಕಡಲೆಕಾಯಿ ಕೆಳಗಿಟ್ಟು, "ಮೂರ್ಸಲ ಬಂದೆ. ಮೂರ್ಸಲನೂ ನೀನು ಕಿರುಚ್ದೆ. ಮಗೂನ ಯಾಕೆ ಎದರಿಸ್ಬೇಕು ಅಂತ ಬರೋದು ಬಿಟ್ಟೆ."

ಕಡಲೆಕಾಯಿ ಸಿಪ್ಪೆ ಎತ್ತುವ ನೆಪದಲ್ಲಿ ಒಳಗೆ ಬಂದೆ. ಅಡುಗೆಮನೆಯಲ್ಲಿ ನಿಂತು ಅತ್ತೆ. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಅಜ್ಜಿ ಕುರಿ ಕಾಯುವವಳು, ಅವಳಿಗೇನು ತಮಿಳು ಬರುತ್ತದೆ. ನಾನು ಆರು ವರ್ಷದವಳು. ಅಮ್ಮ ಪಿಳ್ಳಮ್ಮ ಬಾಯಿ ಸತ್ತವಳು, ಯಾರಿಗೂ ಏನೂ ಹೇಳಿಕೊಟ್ಟವಳಲ್ಲ. ಒಂದು ಪದ ಕೇಳಿಸಿಕೊಂಡ ರೀತಿಗೆ ನಲವತ್ತೆರಡು ವರ್ಷ ಹೋಯಿತು.

ಹೊರಗೆ ಹೋದಾಗ ಅವರು ಈಗ ನಗುತ್ತಿದ್ದರು, ಒಬ್ಬರೇ, ಕೆಮ್ಮು ಬರುವ ತನಕ. "ತೋಳ ಅಂತೆ," ಅನ್ನುತ್ತಿದ್ದರು.

ಡಿಸೆಂಬರ್ 17

ಕೋಲಾರಕ್ಕೆ ಹೋಗಿ ಎದೆಯ ನೀರು ತೆಗೆಸಿದೆವು. ಒಂದೂವರೆ ಲೀಟರ್. ಅಪ್ಪ ಆ ಬಾಟಲಿಯನ್ನೇ ನೋಡುತ್ತಿದ್ದರು.

ದಾರಿಯಲ್ಲಿ ಉಸಿರು ಸರಾಗವಾಗಿತ್ತು. ಮನೆಗೆ ಬಂದ ಕೂಡಲೇ, "ಪೆನ್ನು ತಕ್ಕಾ. ಈಗ ಏಳ್ತೀನಿ," ಅಂದರು.

ಗಣಿ ಮುಚ್ಚುತ್ತಾರೆಂಬ ಮಾತು ಗಟ್ಟಿಯಾದಾಗ ಹದಿನೆಂಟು ಜನ ಮೂವತ್ತನೇ ಲೆವೆಲ್ಲಿಗೆ ಇಳಿದು ಅಲ್ಲೇ ಕೂತರು. ಮುಚ್ಚುವುದಿಲ್ಲ ಎಂದು ಬರೆದು ಕೊಡುವ ತನಕ ಮೇಲೆ ಬರುವುದಿಲ್ಲ. ಕೂರಿಸಿದವರು ಅಪ್ಪನೇ. ಅವರಿಗೆ ಆಗಲೇ ಐವತ್ತು ದಾಟಿ ದಮ್ಮು ಶುರುವಾಗಿತ್ತು, ಅದಕ್ಕೆ ಮೇಲೆ ಶಾಫ್ಟಿನ ಬಾಯಲ್ಲಿ ಫೋನಿನ ಹತ್ತಿರ ಇದ್ದರು. ಕೆಳಗಿನವರಲ್ಲಿ ಸೆಲ್ವರಾಜ್ ಕೂಡ ಒಬ್ಬ. ಆರನೇ ದಿನ ತಳದಲ್ಲಿ ನೀರೆತ್ತುವ ಪಂಪು ಕೆಟ್ಟಿತು. ಜೋಡಿಸಲು ಎರಡು ದಿನ ಬೇಕು. ನೀರು ಒಂದೊಂದೇ ಲೆವೆಲ್ ಏರುತ್ತ ಬಂತು. ಅದಕ್ಕೆ ಮುಂಚೆ ಎರಡು ಸಲ ನೀರು ನೀರು ಎಂದು ಸುಳ್ಳೇ ಗಾಬರಿಯಾಗಿತ್ತು. ಕೆಳಗಿನವರು, ಇನ್ನು ಯಾರು ನೀರು ಅಂದರೂ ನಂಬೋದಿಲ್ಲ ಅಂತ ನಗುತ್ತಿದ್ದರಂತೆ.

ಅಪ್ಪ ಫೋನ್ ಎತ್ತಿದರು. ನೀರಿನ ಮಾತು ಆಡಲಿಲ್ಲ. "ಜೆಯಿಚ್ಚಿಟ್ಟೋಂ. ಮೇಲ ವಾಂಗ," ಅಂದರು. ಗೆದ್ದಿದ್ದೇವೆ, ಮೇಲೆ ಬನ್ನಿ.

ಹದಿನೆಂಟು ಜನ ಹಾಡಿಕೊಂಡು ಮೇಲೆ ಬಂದರಂತೆ. ಕೇಜಿನ ಬಾಗಿಲು ತೆಗೆದಾಗ ಬೆಳಕಿಗೆ ಕಣ್ಣು ಮುಚ್ಚಿಕೊಂಡು, ಎಲ್ಲಿ ಕಾಗದ, ಎಲ್ಲಿ ಕಾಗದ ಎಂದು ಕೈ ಚಾಚಿದರಂತೆ. ಕಾಗದ ಇರಲಿಲ್ಲ. ಒಬ್ಬ ಅಪ್ಪನ ಮುಖಕ್ಕೆ ಉಗಿದ. ನೀರು ಬಂದದ್ದು ನಿಜವೆಂದು ಆಮೇಲೆ ಎಲ್ಲರಿಗೂ ಗೊತ್ತಾಯಿತು, ಆದರೆ ಮುಷ್ಕರ ಮುರಿದಿತ್ತು. ಗಣಿ ಮುಚ್ಚಿತು. ದ್ರೋಹಿ ಎಂದು ಪಾರ್ಟಿ ಹೊರಗೆ ಹಾಕಿತು. ಅವರು ಒಂದು ಮಾತೂ ಆಡದೆ ಹೋಗಿ ಎಟಿಎಂ ಬಾಗಿಲಲ್ಲಿ ನಿಂತರು.

ಕಾಗದದಲ್ಲಿ ಬರೆಸಿದ್ದು ಮೂರೇ ಸಾಲು. ಸುಳ್ಳು ಹೇಳಿದ್ದು ನಿಜ. ಸಂಗಾತಿಗಳಿಗೆ ಸುಳ್ಳು ಹೇಳಿದ್ದು ತಪ್ಪು. ಮತ್ತೆ ಅದೇ ಫೋನ್ ನನ್ನ ಕೈಗೆ ಬಂದರೆ ಮತ್ತೆ ಅದನ್ನೇ ಹೇಳುತ್ತೇನೆ.

"ಅಪ್ಪ, ಈ ಮೂರನೇದು ಬೇಡ. ಇದಿದ್ದರೆ ತಗೊಳ್ಳಲ್ಲ ಅವರು."

"ಗೊತ್ತು. ಬರಿ."

"ಬಾವುಟ ಬೇಕು ಅಂದವರು ನೀವೇ."

"ಬೇಕು ಕಣಮ್ಮ. ತುಂಬ ಬೇಕು," ಅಂದರು. ಕಣ್ಣಲ್ಲಿ ನೀರು ಬಂತು. "ಆದ್ರೂ ಬರಿ."

ಬರೆದೆ. ಸಹಿ ಹಾಕಲು ಕೈ ನಡುಗಿತು, ಹೆಬ್ಬೆಟ್ಟು ಒತ್ತಿಸಿದೆ. ಪುಸ್ತಕ ಓದುತ್ತೇನೆಂದು ಅಕ್ಷರ ಕಲಿತ ಮನುಷ್ಯ.

ಡಿಸೆಂಬರ್ 18

ಕಾಗದ ತಲುಪಿಸಿದೆ. ಸೆಲ್ವರಾಜ್ ನನ್ನೆದುರಿಗೆ ಓದಲಿಲ್ಲ. ಹೊಸ ವರ್ಷ ಕಳೆದ ಮೇಲೆ ಬನ್ನಿ ಅಕ್ಕಾ ಅಂದರು.

ಡಿಸೆಂಬರ್ 25

ಕೆಜಿಎಫ್ ತುಂಬ ನಕ್ಷತ್ರದ ದೀಪ. ಬಸ್ಸಿನಲ್ಲಿ ಕೇಕಿನ ವಾಸನೆ. ಆಂಡರ್‌ಸನ್‌ಪೇಟೆಯಲ್ಲಿ ಒಬ್ಬರು ಹೆಂಗಸು ನನ್ನ ಕೈಗೆ ಒಂದು ತುಂಡು ಕೊಟ್ಟು, "ನೀವು ತೋಳರ್ ಮಗಳಾ? ನಮ್ಮ ಮನೆಯವರು ಆ ಹದಿನೆಂಟರಲ್ಲಿ ಇದ್ದರು," ಅಂದರು. ಏನಾದರೂ ಹೇಳುತ್ತಾರೆಂದು ಕಾದೆ. ಅವರು ಕಿಟಕಿ ಕಡೆ ನೋಡುತ್ತ ಕೂತರು, ಸ್ಟಾಪ್ ಬಂದಾಗ ಇಳಿದು ಹೋದರು.

ಹೊರಡಲು ಎರಡು ಊದುವ ಬದಲು ಮೂರು ಸಲ ವಿಶಲ್ ಊದಿದೆ. ಮುನಿನಾರಾಯಣಪ್ಪ ತಿರುಗಿ, "ಏನಮ್ಮಾ ಮೂರು?" ಅಂದ.

"ಜನ ಇದ್ದಾರೆ, ಮೆಲ್ಲಗೆ ಹೋಗು," ಅಂದೆ. ತಲೆಗೆ ಏನಾಗಿದೆಯೋ ನನಗೆ.

ಡಿಸೆಂಬರ್ 31

ಮತ್ತೆ ಉಸಿರು ಕಟ್ಟುತ್ತಿದೆ. ಇನ್ನೊಂದು ಸಲ ನೀರು ತೆಗೆದರೆ ದೇಹ ತಡೆಯುವುದಿಲ್ಲ ಅಂದರು ಡಾಕ್ಟರು. ಅಪ್ಪ ದಿನಕ್ಕೊಂದು ಸಲ ಕೇಳುತ್ತಾರೆ, "ಕಮಿಟಿ ಸೇರ್ತಾ?" ಇನ್ನೂ ಇಲ್ಲ ಅನ್ನುತ್ತೇನೆ. ಮಿಕ್ಕ ಹೊತ್ತು ಕೆಳಗಿರುತ್ತಾರೆ. ನಾನೂ ಹೋಗಿ ಪಕ್ಕದಲ್ಲಿ ಕೂರುತ್ತೇನೆ. ಅಲ್ಲಿ ಬೆಚ್ಚಗಿದೆ.

ಜನವರಿ 4, 2025

ಇವತ್ತಿನದು ಪೂರ್ತಿ ಬರೆಯಬೇಕು.

ಬೆಳಗ್ಗೆ ಪಾರ್ಟಿ ಆಫೀಸಿಗೆ ಹೋದೆ. ಸೆಲ್ವರಾಜ್ ಕಾಗದವನ್ನು ಮೇಜಿನ ಮೇಲೆ ಬಿಡಿಸಿಟ್ಟಿದ್ದರು.

"ಆಗಲಿಲ್ಲ ಅಕ್ಕಾ. ಕೊನೇ ಸಾಲು."

"ಹೊಡೆದುಹಾಕಿ ಮತ್ತೆ. ನೀವೇ ಹೊಡೆದುಹಾಕಿ. ಅವರಿಗೆ ಗೊತ್ತಾಗಲ್ಲ."

"ಅವರು ಹೇಳಿದ್ದನ್ನ ನಾನು ಹೇಗೆ ಹೊಡೆದುಹಾಕ್ಲಿ?"

ನನಗೆ ತಡೆಯಲಾಗಲಿಲ್ಲ. "ಆ ಸುಳ್ಳು ಹೇಳಿದ್ದಕ್ಕೆ ನೀವು ಇವತ್ತು ಕುರ್ಚಿ ಮೇಲೆ ಕೂತಿದೀರಿ. ಇಲ್ಲದಿದ್ದರೆ ಅಲ್ಲೇ ಇರ್ತಿದ್ರಿ, ಕೆಳಗೆ," ಎಂದು ಕೂಗಿದೆ. ಬೀದಿಗೆ ಕೇಳಿಸಿರಬೇಕು.

ಅವರು ಸಿಟ್ಟು ಮಾಡಲಿಲ್ಲ. "ಹೌದು ಅಕ್ಕಾ. ದಿನಾ ಬೆಳಗ್ಗೆ ಎದ್ದ ಕೂಡ್ಲೆ ಅದೇ ಗ್ಯಾಪಕ. ಆದ್ರೆ ಕೇಳಿ. ಯಾರು ನೀರು ಅಂದ್ರೂ ನಾವು ನಂಬ್ತಿರ್ಲಿಲ್ಲ, ನಿಜ. ತೋಳರ್ ಹೇಳಿದ್ರೆ ನಂಬ್ತಿದ್ವಿ. ಅದಕ್ಕೇ ಅಲ್ವಾ ಅವರ ಸುಳ್ಳೂ ನಂಬಿದ್ದು? ನೀರು ಬರ್ತಾ ಇದೆ, ಏನು ಮಾಡ್ತೀರಿ ಅಂತ ಒಂದು ಮಾತು ಕೇಳಿದ್ರೆ ಸಾಕಿತ್ತು. ಸಾಯೋದೋ ಬರೋದೋ, ನಾವೇ ಕೈ ಎತ್ತಿ ತೀರ್ಮಾನ ಮಾಡ್ತಿದ್ವಿ. ಅದನ್ನ ಕಲಿಸಿದ್ದೇ ಅವರು. ನಮ್ಮನ್ನ ಕೇಳಲಿಲ್ಲ ಅಕ್ಕಾ."

ಅವರು ಕಾಗದ ಮಡಿಸಿ ವಾಪಸ್ ಕೊಡಲಿಲ್ಲ, ತಮ್ಮ ಜೇಬಿನಲ್ಲಿ ಇಟ್ಟುಕೊಂಡರು. ನಾನು ಮೆಟ್ಟಿಲಿಳಿದೆ.

ಬಸ್ಸಿನಲ್ಲಿ ಕೂತು ಬಂದೆ, ಟಿಕೆಟ್ ತೆಗೆದುಕೊಂಡ ಪ್ಯಾಸೆಂಜರಾಗಿ. ದಾರಿಯುದ್ದ ಬಿಸಿಲಿಗೆ ಹೊಲಗಳು ನೀರಿನ ಹಾಗೆ ಅಲುಗಾಡುತ್ತಿದ್ದವು. ಆ ಮನುಷ್ಯ ಹೇಳಿದ್ದು ಸರಿ. ಅಪ್ಪ ಮಾಡಿದ್ದೂ ಸರಿ. ಬಂಗಾರಪೇಟೆ ಬರುವ ಹೊತ್ತಿಗೆ ಒಂದು ತೀರ್ಮಾನಕ್ಕೆ ಬಂದಿದ್ದೆ. ನಾನು ನೇರ ಮಾತಿನವಳು. ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ. ಅವರನ್ನು ಕೇಳುತ್ತೇನೆ, ಆ ಸಾಲು ಬಿಡುತ್ತೀರಾ, ಬಾವುಟ ಬಿಡುತ್ತೀರಾ ಅಂತ. ತೀರ್ಮಾನ ಅವರದು.

ಇಂದ್ರಾಣಿ ಬಾಗಿಲಲ್ಲೇ ನಿಂತಿದ್ದಳು. ಬೆಳಗ್ಗೆಯಿಂದ ಒಂದು ಹನಿ ನೀರು ಇಳಿದಿಲ್ಲ ಅಂದಳು. ಅಪ್ಪ ಮೂರು ದಿಂಬಿಗೆ ಒರಗಿ ಕೂತಿದ್ದರು. ತುಟಿ ನೀಲಿಯಾಗಿತ್ತು. ನನ್ನ ಚಪ್ಪಲಿ ಸದ್ದಿಗೆ ಕಣ್ಣು ತೆಗೆದು ಕೇಳಿದರು.

"ಕಮಿಟಿ ಸೇರ್ತಾ?"

"ಸೇರ್ತು ಅಪ್ಪ. ಒಪ್ಪಿಕೊಂಡ್ರು. ಬಾವುಟ ಅವರೇ ತರ್ತಾರಂತೆ."

ನನ್ನ ಬಾಯಿಂದ ಬಂದದ್ದು ಅದು. ಬಂದ ಮೇಲೆ ನನಗೇ ಕೇಳಿಸಿತು.

"ಮೂರ್ನೇ ಸಾಲು?"

"ಅದೂ ಇರಲಿ ಅಂದ್ರು."

"ಎಲ್ರೂ ಕೈ ಎತ್ತಿದ್ರಾ?"

"ಎಲ್ಲರೂ."

ಅಪ್ಪ ನನ್ನ ಮುಖವನ್ನು ತುಂಬಾ ಹೊತ್ತು ನೋಡಿದರು. ನಾನು ಕಣ್ಣು ತಪ್ಪಿಸಲಿಲ್ಲ. ಬಸ್ಸಿನಲ್ಲಿ ಇಪ್ಪತ್ತು ವರ್ಷ ಜನರ ಮುಖ ನೋಡಿ ಅಭ್ಯಾಸ. ಆಮೇಲೆ ಅವರ ಕೈ ಎದೆಯ ಮೇಲಿಂದ ಜಾರಿ ನನ್ನ ಕೈ ಹುಡುಕಿತು. ಮುಖದಲ್ಲಿ ಸಣ್ಣ ನಗು.

"ನೀರು ಎಲ್ಲೀಗಂಟ ಬಂದಯ್ತೆ, ಪಾಪಾ?"

ಗೆದ್ದಿದ್ದೇವೆ ಅಂದವರಿಗೆ ನನ್ನ ಸುಳ್ಳು ತಿಳಿಯದೇ ಇರುತ್ತದಾ. "ಮೊಣಕಾಲ ತನಕ," ಅಂದೆ.

"ಮೊಣಕಾಲು ತಾನೆ. ಟೈಮ್ ಐತೆ," ಅಂದರು ಅಪ್ಪ. "ನೀನು ಎದರ್ಕಬೇಡ."